ಜನರ ಕಡೆ ಮುಖ, ವೇದಿಕೆ ಕಡೆ ಬೆನ್ನು

ಉಯ್ಯಂಬಳ್ಳಿ
೧೮ ಜನವರಿ ೨೦೨೬, ಭಾನುವಾರ

ಪ್ರೀತಿಯ ಮಗಳು ಪ್ರತಿಮಾಗೆ,

ನಮ್ಮ ವಂಶದ ಚರಿತ್ರೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಬೇಕಾದ ಘಟನೆಯೊಂದನ್ನು ಸಮಸ್ತ ಬಂಧುಮಿತ್ರರಿಗೆ, ಅಂದರೆ ಸದ್ಯಕ್ಕೆ ನಿನ್ನೊಬ್ಬಳಿಗೆ, ಈ ಮೂಲಕ ತಿಳಿಯಪಡಿಸುತ್ತಿದ್ದೇನೆ: ನಿಮ್ಮಪ್ಪ ಮೀಸೆ ಕತ್ತರಿಸಿಕೊಂಡರು. ಪೂರ್ತಿ ಅಲ್ಲ, ಗಾಬರಿಯಾಗಬೇಡ. ಮಾಗಡಿಯಲ್ಲಿ ಕಾನ್‌ಸ್ಟೇಬಲ್ ಆಗಿದ್ದಾಗ ಮೊಳೆತು, ಚನ್ನಪಟ್ಟಣದಲ್ಲಿ ಹೆಡ್ ಕಾನ್‌ಸ್ಟೇಬಲ್ ಆದಾಗ ಕೊನೆ ತಿರುಗಿ, ರಾಮನಗರದಲ್ಲಿ ಎಎಸ್‌ಐ ಆದಾಗ ಕೆನ್ನೆ ದಾಟಿದ್ದ ಆ ಮೀಸೆ ಈಗ ತುಟಿಯ ಅಗಲಕ್ಕೆ ಬಂದು ನಿಂತಿದೆ. ಮತದಾರರಿಗೆ ಹೆದರಿಕೆಯಾಗುತ್ತದೆ ಎಂದು ಪಕ್ಷದವರು ಹೇಳಿದರಂತೆ. ನಾನು ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೆ, ಸಾಂಬಾರು ಹತ್ತುತ್ತದೆ ಅಂತ. ನನ್ನ ಮಾತು ಯಾವ ಲೆಕ್ಕ?

ಅದಿರಲಿ, ಮೊದಲು ನಿನ್ನ ಆರೋಗ್ಯ. ಕೆಮ್ಮು ಹೋಯಿತಾ? ಜರ್ಮನಿಯವರ ಜ್ವರವನ್ನೆಲ್ಲಾ ನೋಡಿಕೊಳ್ಳುವ ನರ್ಸಮ್ಮನಿಗೆ ತನ್ನ ಗಂಟಲಿಗೆ ಒಂದು ಲೋಟ ಮೆಣಸಿನ ಕಷಾಯ ಕಾಸಿಕೊಳ್ಳಲು ಪುರುಸೊತ್ತಿಲ್ಲ. ನಾನು ಕಳಿಸಿದ ರಾಗಿ ಹಿಟ್ಟು ಮುಗಿಯಿತಾ, ಹಾಗೇ ಇದೆಯಾ? ಹಾಗೇ ಇದ್ದರೆ ಹೇಳಬೇಡ, ನನಗೆ ಬೇಜಾರಾಗುತ್ತದೆ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ನಿನ್ನ ಫೋನ್ ಬಂದ ಕೂಡಲೇ ನಿಮ್ಮಪ್ಪ ಸ್ಪೀಕರ್ ಹಾಕಿ, ಹೇಳಿಕೆ ತೆಗೆದುಕೊಳ್ಳುವವರ ಹಾಗೆ ಪಕ್ಕದಲ್ಲಿ ಕೂರುತ್ತಾರೆ. ಅವರ ಎದುರಿಗೆ ಅವರ ಸುದ್ದಿ ಹೇಳುವುದು ಹೇಗೆ? ಅದಕ್ಕೇ ಬರೆದು, ಟೈಲರ್ ಮುನ್ನೀ ಕೈಲಿ ಫೋಟೋ ಹೊಡೆಸಿ, ಅವಳ ಫೋನಿನಿಂದಲೇ ಕಳಿಸುತ್ತಿದ್ದೇನೆ.

ಈ ಮನೆಯ ಇವತ್ತಿನ ಸ್ಥಿತಿಗೆ ಮೊದಲ ಆರೋಪಿ ನೀನೇ ಕಣೆ. ಎರಡು ವರ್ಷದ ಕೆಳಗೆ ನಿನ್ನ ಮನೆ ಮಾಲೀಕ ಯುರ್ಗನ್ ಅನ್ನುವವರ ಕಥೆ ಹೇಳಿದೆಯಲ್ಲ, ಪೊಲೀಸಿನಲ್ಲಿದ್ದವರು, ಎಲೆಕ್ಷನ್‌ಗೆ ನಿಂತು ಅಲ್ಲಿನ ವಿಧಾನಸಭೆಗೇ ಹೋದರು, ಈಗಲೂ ಸೈಕಲ್ ಮೇಲೆ ಓಡಾಡುತ್ತಾರೆ ಅಂತ. ನಿಮ್ಮಪ್ಪ ಅದರಲ್ಲಿ ಪೊಲೀಸನ್ನು ಕೇಳಿಸಿಕೊಂಡರು, ವಿಧಾನಸಭೆಯನ್ನು ಕೇಳಿಸಿಕೊಂಡರು. ನಡುವೆ ಆತ ಹನ್ನೆರಡು ವರ್ಷ ಖಾಕಿಯಲ್ಲಿದ್ದುಕೊಂಡೇ ಸಂಜೆ ಹೊತ್ತು ಊರ ಸಭೆಗೆ ಹೋಗಿ ಚರಂಡಿ, ಬೀದಿದೀಪದ ವಿಷಯ ಮಾತಾಡಿದ್ದು, ಸೋತರೆ ಮತ್ತೆ ಕೆಲಸಕ್ಕೆ ಹೋಗಲು ಅಲ್ಲಿ ದಾರಿ ಇರುವುದು, ಇದೆಲ್ಲ ಸ್ಪೀಕರಿನಲ್ಲಿ ಬಂದರೂ ಕಿವಿಗೆ ಬೀಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು. ಬೆಲ್ಟು, ಟೋಪಿ, ಲಾಠಿ ಎಲ್ಲ ಸ್ಟೋರಿಗೆ ಒಪ್ಪಿಸಿ ಕನಕಪುರದಿಂದ ಬಸ್ಸಿನಲ್ಲಿ ಬಂದಿಳಿದಾಗ ಕಂಡಕ್ಟರ್ ಟಿಕೆಟ್ ಕೇಳಿದನಂತೆ. ಅವತ್ತಿಡೀ ಊಟ ಸೇರಲಿಲ್ಲ.

ನಾನು ನಗುತ್ತೇನೆ, ಆದರೆ ಅವರಿಗೆ ಈ ಆಸೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಬಂದೋಬಸ್ತಿಗೆ ನಿಂತ ಪೊಲೀಸು ಜನರ ಕಡೆ ಮುಖ, ವೇದಿಕೆ ಕಡೆ ಬೆನ್ನು ಮಾಡಿ ನಿಲ್ಲಬೇಕು. ನಾಲ್ಕೂ ತಾಲ್ಲೂಕಿನ ಭಾಷಣಗಳನ್ನು ನಿಮ್ಮಪ್ಪ ಕೇಳಿದ್ದಾರೆ, ಒಂದನ್ನೂ ನೋಡಿಲ್ಲ. "ಒಂದ್ಸಲ ಆ ಕಡೆಯಿಂದ ಜನಾನ ನೋಡ್ಬೇಕು ಕಣೆ ಅಂಬುಜ," ಎಂದು ಅರ್ಜಿ ಕೊಟ್ಟ ದಿನ ಹೇಳಿದರು. ಆಮೇಲೆ ನಾನು ಬೇಡ ಅನ್ನಲಿಲ್ಲ.

ಬಂದಿದ್ದೇ ತಡ, ತಾಲ್ಲೂಕು ಪಂಚಾಯಿತಿ ಚುನಾವಣೆ ಇವತ್ತು, ನಾಳೆ ಅಂತ ಕಾದರು. ಜಿಲ್ಲೆಯ ಹೆಸರೇ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಬಿಳಿ ಪಂಚೆ, ಬಿಳಿ ಶರಟು ಒಗೆದು ಒಗೆದು ನನ್ನ ಕೈ ಸವೆಯಿತು. ಮದುವೆ, ತಿಥಿ, ಗೃಹಪ್ರವೇಶ ಒಂದನ್ನೂ ಬಿಡಲಿಲ್ಲ. ಕೆಲಸವಿಲ್ಲದ ದಿನ ಗೇಟಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೇಟಿಗೆ ಗಸ್ತು. ಹಸುವೂ ಈಗ ಅವರನ್ನು ಕಂಡರೆ ಎದ್ದು ನಿಲ್ಲುತ್ತದೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಹೋಗಲು ಜಾಗವಿಲ್ಲ. ಅವರನ್ನು ನೋಡಿ ನೋಡಿ ನನಗೂ ಒಂದು ಕಡೆ ಕೂರಲಾಗದು. ಸೊಪ್ಪು ಬಿಡಿಸಲು ಕೂತವಳು ಅರ್ಧಕ್ಕೇ ಎದ್ದು ಗೇಟು ನೋಡಿ ಬರುತ್ತೇನೆ. ಖಾಕಿ ಹೋಯಿತು, ಪಕ್ಷದ ಟಿಕೆಟ್ಟೂ ಸಿಗದೆ ಹೋದರೆ ಈ ಮನುಷ್ಯ ಏನಾಗಿ ಉಳಿಯುತ್ತಾರೆ? ಅದೊಂದೇ ಯೋಚನೆ.

ಪ್ರಚಾರದ ವೈಭವವನ್ನೂ ಕೇಳು. ಕೈ ಮುಗಿಯುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದರು. ಎಡಗೈ ಎದೆಗೆ ಬರುತ್ತದೆ, ಬಲಗೈ ಹಣೆಗೆ ಹೋಗುತ್ತದೆ. ಮನೆ ಮನೆಗೆ ಹೋಗಿ, "ನಿಮ್ಮನೇಲಿ ಎಷ್ಟ್ ಜನ? ಎಲ್ಲೋಗವ್ರೆ? ಯಾವಾಗ್ ಬತ್ತಾರೆ?" ಎಂದು ಕೇಳಿದರೆ ಯಾರು ತಾನೇ ವೋಟು ಕೊಟ್ಟಾರು! ಚಿಕ್ಕಹನುಮಯ್ಯನ ಮನೆಗೆ ನಾನೂ ಹೋಗಿದ್ದೆ. ಆತ ಚಾಪೆ ಹಾಸಿ, "ಬನ್ನಿ ಸಾಹೇಬ್ರೆ, ಒಸಿ ಮಜ್ಗೆ ಕುಡೀರಿ," ಅಂದ. ನಿಮ್ಮಪ್ಪನ ಕಣ್ಣು ಅಂಗಳದ ಬೈಕಿನ ಮೇಲೆ. "ಏನ್ಲಾ, ನಂಬರ್ ಪ್ಲೇಟ್ ಎಲ್ಲೋಯ್ತು? ಆರ್‌ಸಿ ತಗಂಡ್ ಬಾ." ಚಿಕ್ಕಹನುಮಯ್ಯ ಮಜ್ಜಿಗೆ ಲೋಟವನ್ನು ಅಲ್ಲೇ ಹಿಡಿದುಕೊಂಡು, "ಸ್ವಾಮಿ, ವೋಟ್ ಕೇಳಕ್ ಬಂದ್ರೋ, ಗಾಡಿ ಹಿಡಿಯಕ್ ಬಂದ್ರೋ? ಒಂದ್ ಹೇಳ್ಬುಡಿ, ಅದ್ಕ್ ತಕ್ಕಂಗೆ ಕುಂತ್ಕತೀನಿ," ಅಂದ. ಒಳಗಿದ್ದ ಅವನ ಸೊಸೆ ನಕ್ಕಿದ್ದು ಬೀದಿಗೆ ಕೇಳಿಸಿತು.

ಒಂದು ವಿಷಯ ಮಾತ್ರ ನಿಮ್ಮಪ್ಪನ ಗಮನಕ್ಕೆ ಬರಲಿಲ್ಲ. ಹೋದ ಮನೆಯಲ್ಲೆಲ್ಲ ಹೆಂಗಸರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹೋಗದ ಕಡೆ, "ಅಂಬುಜಕ್ಕ ಬರ್ನಿಲ್ವಾ?" ಎಂದು ಕೇಳುತ್ತಿದ್ದರಂತೆ. ನಿನಗೆ ನೆನಪಿರಬಹುದು, ಠಾಣೆ ಮೆಟ್ಟಿಲು ಹತ್ತಲು ಅಂಜುವವರು ಮೊದಲು ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಅಳುವುದು ಮುಗಿಯುವ ತನಕ ಕಾಫಿ ಕೊಡುವುದು, ಆಮೇಲೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಸಂಬಳವಿಲ್ಲದ ಆ ಠಾಣೆಗೆ ನಿವೃತ್ತಿಯೂ ಇಲ್ಲ. ಮೊನ್ನೆಯೂ ಇಬ್ಬರು ಬಂದಿದ್ದರು.

ಶುಕ್ರವಾರ ಮೀಸಲಾತಿ ಪಟ್ಟಿ ಬಂತು ಮಗಳೇ. ನಮ್ಮ ಕ್ಷೇತ್ರ ಮಹಿಳೆಗೆ. ನಿಮ್ಮಪ್ಪ ಫೋನಿನಲ್ಲಿ ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಅಷ್ಟೇ. ಗಸ್ತು ನಿಂತಿತು. ಜಗುಲಿಯ ಮೇಲೆ ಹಾಗೇ ಕೂತಿದ್ದರು. ನಡೆದಾಡುತ್ತಿದ್ದಾಗ ಬೈಯುತ್ತಿದ್ದವಳು ನಾನೇ, ಕೂತದ್ದನ್ನು ನೋಡಲಾರದೆ ಕಾಫಿ ಮೇಲೆ ಕಾಫಿ ಕೊಟ್ಟೆ.

ನಿನ್ನೆ ಪಕ್ಷದ ಹೋಬಳಿ ಮುಖಂಡ ಮಧುಕುಮಾರ್ ಬಂದ. "ಅಕ್ಕೋ, ನೀವ್ ನಿಂತ್ಕಳಿ. ಸೈನ್ ಹಾಕದ್ ಬುಟ್ರೆ ನಿಮ್ಗೇನೂ ಕೆಲ್ಸ ಇರಕಿಲ್ಲ. ಮೀಟಿಂಗು ಗೀಟಿಂಗು ಎಲ್ಲಾ ಸಾಹೇಬ್ರು ನೋಡ್ಕತಾರೆ," ಅಂದ. ನಿಮ್ಮಪ್ಪನ ಮುಖಕ್ಕೆ ಆಗ ಜೀವ ಬಂದದ್ದನ್ನು ನೀನು ನೋಡಬೇಕಿತ್ತು. ನಾನು ಕಾಫಿ ತಟ್ಟೆ ಕೆಳಗಿಡುವುದರೊಳಗೆ, "ಆಯ್ತು ಕಣಪ್ಪ, ನಮ್ಮನೆಯವ್ಳು ನಿಂತ್ಕತಾಳೆ," ಎಂದು ಒಪ್ಪಿಯೇಬಿಟ್ಟರು. ನಾನು, "ನಮ್ಮನೆಯವ್ಳು ಒಸಿ ಯೋಚ್ನೆ ಮಾಡ್ತಾಳಂತೆ," ಅಂದೆ. ಇಬ್ಬರೂ ಹಸು ಮಾತಾಡಿದ ಹಾಗೆ ನನ್ನ ಕಡೆ ತಿರುಗಿದರು. ಇವತ್ತು ಸಂಜೆ ಉತ್ತರ ಹೇಳಬೇಕು. ಹೂಂ ಅಂದು ಸುಮ್ಮನಿದ್ದರೆ ಅವರಿಗೆ ಆಸೆಪಟ್ಟ ವೇದಿಕೆ ಸಿಗುತ್ತದೆ. ನನಗೆ ಒಂದು ಪೆನ್ನು ಸಿಗುತ್ತದೆ. ಉಹೂಂ ಅಂದರೆ ಅವರು ಆ ಜಗುಲಿಯಿಂದ ಏಳುವುದಿಲ್ಲ. ಬೆಳಗಿನಿಂದ ಮೂರು ಸಲ ಮನೆ ಗುಡಿಸಿದ್ದೇನೆ.

ಸಾಕು, ನಿನಗೆ ಡ್ಯೂಟಿಗೆ ಹೊತ್ತಾದೀತು. ಕಿವಿ ಮುಚ್ಚುವಂತೆ ಟೋಪಿ ಹಾಕಿಕೋ. ಯುರ್ಗನ್ ಅವರಿಗೆ ನಮಸ್ಕಾರ ಹೇಳು, ತಪ್ಪೇನೂ ಅವರದಲ್ಲ. ಹೋದ ಕಡೆ ಒಳ್ಳೆಯ ಹೆಸರು ತಗೋ, ತಣ್ಣಗಿರು ಮಗಳೇ.

ನಿನ್ನ ಅಮ್ಮ,
ಅಂಬುಜ

ತಾಜಾಕಲಂ: ಮುನ್ನೀ ಫೋನ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮಧುಕುಮಾರ್ ಈಗ ಬಂದು ಹೋದ. ನಿಲ್ಲುತ್ತೇನೆ ಅಂದೆ. ಆದರೆ ಮೀಟಿಂಗಿಗೆ ನಾನೇ ಹೋಗುತ್ತೇನೆ, ಓದಿಯೇ ಸಹಿ ಹಾಕುತ್ತೇನೆ, ಫ್ಲೆಕ್ಸಿನಲ್ಲಿ ನನ್ನ ಮುಖ ಒಂದೇ ಇರಬೇಕು ಅಂದೆ. "ಹೆಂಗಕ್ಕ, ಸಾಹೇಬ್ರ ಮಕ ಬ್ಯಾಡ್ವಾ?" ಅಂದ. ನಾನು ನಿಮ್ಮಪ್ಪನ ಕಡೆ ನೋಡಿದೆ. ಅವರು ಮಧುಕುಮಾರನ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಮಧುಕುಮಾರ್ ಹೋದಮೇಲೆ, "ಮೀಟಿಂಗ್ ದಿನ ನಾನೂ ಬತ್ತೀನಿ, ಹೊರ್ಗಡೆ ನಿಂತಿರ್ತೀನಿ, ಆಗ್ಬೋದಾ?" ಅಂದರು. ಆಗಲಿ, ಆದರೆ ಬಾಗಿಲ ಕಡೆ ಮುಖ ಮಾಡಿ ನಿಲ್ಲಿ ಅಂದೆ. ಹೂಂ ಅಂದು ಎದ್ದು ಕೊಟ್ಟಿಗೆಗೆ ಹೋದರು. ನಗುವೋ ಅಳುವೋ ಬೆನ್ನು ನೋಡಿದರೆ ಗೊತ್ತಾಗಲಿಲ್ಲ. ಫ್ಲೆಕ್ಸಿನವನಿಗೆ ನಾಳೆಯೇ ಫೋಟೋ ಬೇಕಂತೆ. ಮನೆಯಲ್ಲಿರುವ ನನ್ನ ಫೋಟೋಗಳಲ್ಲೆಲ್ಲ ಪಕ್ಕದಲ್ಲಿ ಪಟ್ಟಿ ಹಚ್ಚಿದ ಒಂದು ಖಾಕಿ ತೋಳಿದೆ. ನೀನು ಹೊರಟ ದಿನ ಏರ್‌ಪೋರ್ಟಿನಲ್ಲಿ ನನ್ನೊಬ್ಬಳದೇ ಒಂದು ತೆಗೆದಿದ್ದೆಯಲ್ಲ, ನೀಲಿ ಸೀರೆಯದು, ಅದನ್ನು ಇವತ್ತೇ ಮುನ್ನೀ ನಂಬರಿಗೆ ಕಳಿಸು. ಕಣ್ಣು ಒಸಿ ಕೆಂಪಗಿರಬಹುದು, ಪರವಾಗಿಲ್ಲ, ಕಳಿಸು.