ಕಳಿಸಬೇಡ ಆ ಅರ್ಜಿ

ತಂಗಿ,

ನಾನು ಕಾಲೇಜಿನ ಲ್ಯಾಬಿನ ಹೊಸಿಲು ದಾಟಿದರೆ ಸಾಕು, ಸೀಸೆಯೊಳಗಿನ ಆಸಿಡ್ಡು ಹೆದರಿ ನೀರಾಗುತ್ತೆ. ಅಂಥವನ ತಂಗಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಆನ್‌ಲೈನಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮಾಡ್ತಾಳಂತೆ. ವಾಸನೆ ಬರದ ಕೆಮಿಸ್ಟ್ರಿ, ಕೈ ಸುಡದ ಕೆಮಿಸ್ಟ್ರಿ. ಪರದೆ ನೋಡಿ ಈಜು ಕಲಿತವರು ಬಕೆಟ್ಟಿನಲ್ಲೇ ಮುಳುಗ್ತಾರೆ.

ಹಾಲು ಕಾಯಿಸಿಟ್ಟಿದೀನಿ. ನಿನ್ನ ಇಯರ್‌ಫೋನ್ ನನ್ನ ಚೀಲದಲ್ಲಿತ್ತು, ಯಾಕೆ ಅಂತ ಕೇಳಬೇಡ.

ದಿನಾ ನಾನು ಆಡೋ ಈ ಕೊಂಕು ತಾಳಲಾರದೆ ನೀನು ಕೋರ್ಸ್ ಬಿಡೋ ಅರ್ಜಿ ಬರೆದಿಟ್ಟಿದೀಯ ಅಂತ ಅಮ್ಮ ಈಗ ಹೇಳಿದಳು. ಕಳಿಸಬೇಡ.

ನಿನ್ನೆ ನನ್ನ ವೈವಾದಲ್ಲಿ ಪ್ರೊಫೆಸರ್ ಕೇಳಿದ್ದಕ್ಕೆಲ್ಲ ಅರಳು ಹುರಿದ ಹಾಗೆ ಉತ್ತರ ಕೊಟ್ಟೆ. ಅದೇ ಭರದಲ್ಲಿ, "ಈಗ ವಿಡಿಯೊ ನಿಲ್ಲಿಸಿ, ನೀವೇ ಯೋಚಿಸಿ ನೋಡಿ" ಅಂದುಬಿಟ್ಟೆ, ಥೇಟ್ ನಿಮ್ಮ ಆನ್‌ಲೈನ್ ಮೇಡಂ ರಾಗದಲ್ಲೇ. ಇಡೀ ಲ್ಯಾಬ್ ಬಿದ್ದು ಬಿದ್ದು ನಕ್ಕಿತು. "ಇದನ್ನೆಲ್ಲ ಯಾರ ಹತ್ರ ಕಲಿತೆಯಪ್ಪಾ?" ಅಂದರು ಪ್ರೊಫೆಸರ್.

ನಿಜ ಇಷ್ಟೇ. ನಮ್ಮ ಲ್ಯಾಬಲ್ಲಿ ಯಂತ್ರ ಒಂದು, ಹುಡುಗರು ಮೂವತ್ತು. ಎರಡು ವರ್ಷ ನಾನು ಗಾಜಿನ ಸಾಮಾನು ತೊಳೆದಿದೀನಿ. ಕಲಿತದ್ದೆಲ್ಲ ನೀನು ಸ್ನಾನಕ್ಕೆ ಹೋದಾಗ ನಿನ್ನ ಪಾಠ ಕದ್ದು ನೋಡಿ.

"ತಂಗಿ ಹತ್ರ" ಅನ್ನೋಕೆ ಅಲ್ಲಿ ಬಾಯಿ ಬರಲಿಲ್ಲ. ಇಲ್ಲಿ ಬರೀತಿದೀನಿ.

ಅಣ್ಣ