ದಡ್ಡಿಯಾಗಿ ಉಳಿಯುವ ಕಷ್ಟ

ಮೂರನೇ ಮಹಡಿ, ಅಡುಗೆಮನೆ ಕಿಟಕಿಯ ಪಕ್ಕ
ಭಾನುವಾರ ಬೆಳಗ್ಗೆ

ನನ್ನ ಜಗಳಗಂಟಿ ಮಗಳೇ,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಸೊಂಟನೋವು ಹೇಗಿದೆ? ಅಳಿಯಂದಿರ ಸಕ್ಕರೆ ಇಳಿಯಿತೋ, ನಿನ್ನ ಕಣ್ಣು ತಪ್ಪಿಸಿ ಇನ್ನೂ ಬೇಕರಿಯ ದಾರಿ ಹಿಡಿಯುತ್ತಾರೋ? ನಾನು ಗಟ್ಟಿಯಾಗಿದ್ದೇನೆ. ಹಲ್ಲುಗಳು ಮಾತ್ರ ಒಂದೊಂದಾಗಿ ರಾಜೀನಾಮೆ ಕೊಡುತ್ತಿವೆ. ನಾಲಿಗೆಗೆ ಇನ್ನೂ ನಿವೃತ್ತಿಯ ವಯಸ್ಸಾಗಿಲ್ಲ. ಫೋನಿರುವಾಗ ಕಾಗದ ಯಾಕಮ್ಮಾ ಅನ್ನುತ್ತೀಯ. ನಿನ್ನ ತಮ್ಮ ಅದನ್ನು ಸರಿಮಾಡುತ್ತೇನೆಂದು ಬಿಚ್ಚಿಟ್ಟಿದ್ದಾನೆ. ಅದೇನೂ ಕೆಟ್ಟಿರಲಿಲ್ಲ. ಅಕ್ಕಪಕ್ಕದವರ ಫೋನಿನಲ್ಲಿ ಹೇಳುವಂಥ ವಿಷಯವೂ ಇದಲ್ಲ. ಕೆಳಗಿನ ಮನೆಯ ಬಸ್ ಡ್ರೈವರ್ ಇವತ್ತು ನಿಮ್ಮೂರಿಗೆ ಬಸ್ಸು ತರುತ್ತಾನೆ, ಸಂಜೆಯೊಳಗೆ ಇದು ನಿನ್ನ ಕೈ ಸೇರುತ್ತದೆ.

ಮುಖ್ಯ ದೂರು ಏನೆಂದರೆ, ನಿನ್ನ ತಮ್ಮ ಒಳ್ಳೆಯವನಾಗಿಬಿಟ್ಟಿದ್ದಾನೆ. ಹುಟ್ಟಿದಾಗಿನಿಂದ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದವನು ಈಗ ಹಿಂಡಿ ಹಗ್ಗಕ್ಕೆ ಹಾಕುತ್ತಾನೆ. ಅಡುಗೆಗೆ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದೆ, "ಚೆನ್ನಾಗಿದೆ ಅಮ್ಮಾ" ಅಂದ. ಇವನಂಥ ಲಿಫ್ಟ್ ಮೆಕ್ಯಾನಿಕ್ ವಾಸವಿರುವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿರಬೇಕು ಅನ್ನುವುದು ಶಾಸ್ತ್ರ. ಹೋದ ವಾರ ಅದನ್ನೂ ಸರಿಮಾಡಿದ. ಮೊದಲು ಅದು ಮದುವೆ ಮನೆಗೆ ನೆಂಟರು ಬಂದ ಹಾಗೆ ಗದ್ದಲ ಮಾಡಿಕೊಂಡು ಬರುತ್ತಿತ್ತು. ಈಗ ಸದ್ದೇ ಇಲ್ಲ. ನೋಡಿದರೆ ಬಾಗಿಲು ತೆರೆದುಕೊಂಡು ಖಾಲಿ ನಿಂತಿರುತ್ತದೆ. ಯಾವಾಗ ಬಂತು, ಯಾರನ್ನು ಕರೆಯಲು ಬಂತು, ತಿಳಿಯುವುದಿಲ್ಲ. ಮಂಡಿಗೆ ವ್ಯಾಯಾಮ ಅಂತ ಸುಳ್ಳು ಹೇಳಿ ನಾನು ಮೆಟ್ಟಿಲಲ್ಲೇ ಇಳಿಯುತ್ತೇನೆ. ತನ್ನ ಮಗ ತೀರಿಹೋದಾಗಿನಿಂದ ಗೋಡೆಗೆ ಮುಖಮಾಡಿ ಮಲಗಿದ್ದವನು ಹೀಗೆ ಏಕಾಏಕಿ ಎದ್ದು ನಗುತ್ತಾ ಓಡಾಡುತ್ತಿದ್ದಾನಲ್ಲ, ಅಕ್ಕಪಕ್ಕದವರೆಲ್ಲ "ಅಂತೂ ಚೇತರಿಸಿಕೊಂಡ" ಅನ್ನುತ್ತಾರೆ. ಹೌದು ಹೌದು ಅನ್ನುತ್ತೇನೆ. ರಾತ್ರಿ ಮಾತ್ರ ಅವನ ಕೋಣೆಯ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಮಲಗುತ್ತೇನೆ.

ಯಾಕೆ ಅಂತೀಯಾ? ಅವನ ಕಸುಬಿನಲ್ಲಿ ಒಂದು ಪದ್ಧತಿ ಇದೆ, ಅವನ ಬಾಯಲ್ಲೇ ಕೇಳಿದ್ದೀಯ. ಒಂದು ಕಟ್ಟಡದ ಕೆಲಸ ಮುಗಿಸಿ ಹೊರಡುವಾಗ ಎಲ್ಲ ಒರೆಸಿ, ಎಣ್ಣೆ ಹಾಕಿ, ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು ಹೇಗೆಂದು ಕಾವಲುಗಾರನಿಗೆ ಕಲಿಸುತ್ತಾನೆ. ಕಾವಲುಗಾರ ಒಬ್ಬನೇ ಒಮ್ಮೆ ಮಾಡಿ ತೋರಿಸಬೇಕು. ತೋರಿಸಿದನೋ, ಇವನು ಚೀಲ ಹೆಗಲಿಗೇರಿಸಿದ. ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಈಗ ಮನೆಯಲ್ಲಿ ಆ ಕಾವಲುಗಾರ ನಾನು. ಗೀಸರ್ ಹೀಗೆ, ಫ್ಯೂಸ್ ಹೀಗೆ, ಗ್ಯಾಸ್ ಬದಲಿಸುವುದು ಹೀಗೆ. "ನೀನೊಬ್ಬಳೇ ಒಮ್ಮೆ ಮಾಡಿ ತೋರಿಸಮ್ಮಾ." ನೇರವಾಗಿಯೇ ಕೇಳಿದೆ, ಏನೋ ಇದು, ಎಲ್ಲಿಗಾದರೂ ಹೊರಟಿದ್ದೀಯಾ ಅಂತ. "ಎಲ್ಲಿಗಮ್ಮಾ ಹೋಗ್ಲಿ, ಕೆಲಸ ಬಾಕಿ ಇಡಬಾರದು, ಅಷ್ಟೆ" ಅಂದ, ನನ್ನ ತೋಳಿಗೆ ಅಂಟಿದ್ದ ದಾರದ ತುಂಡು ತೆಗೆಯುತ್ತಾ. ಮುಖ ನೋಡಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ, ನನಗೇನಾಗಿದೆ, ಆರಾಮಾಗಿದೀನಲ್ಲ ಅನ್ನುತ್ತಾನೆ.

ಇವನ ಮಗ, ನಮ್ಮ ವಕೀಲನೂ ಹೀಗೇ ಮಾಡಿದ್ದ. ಹಾಲು ಕುಡಿ ಅಂದರೆ ಯಾವ ಕಾನೂನಿನಲ್ಲಿದೆ ಅಂತ ಕೇಳುತ್ತಿದ್ದ ಹುಡುಗನಿಗೆ ಆ ಹೆಸರಿಟ್ಟವಳೇ ನೀನು. ಬಿಟ್ಟುಹೋದ ತಾಯಿಯ ಮುಖ ನೆನಪಿಲ್ಲದ ಮಗು, ಅಪ್ಪನ ಹೆಗಲ ಮೇಲೇ ಬೆಳೆದದ್ದು. ಹದಿನಾರಕ್ಕೆ ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತಿತ್ತು. ರಕ್ತದ ಕ್ಯಾನ್ಸರಿಗೆ ಆ ಎತ್ತರ ಲೆಕ್ಕಕ್ಕೇ ಬರಲಿಲ್ಲ. ಕೂದಲು ಉದುರಿದಾಗ, "ಅಜ್ಜಿ, ಅಪ್ಪನಿಗೆ ನಲವತ್ತು ವರ್ಷ ಹಿಡಿದದ್ದನ್ನು ನಾನು ಒಂದೇ ತಿಂಗಳಲ್ಲಿ ಸಾಧಿಸಿದೆ" ಅಂದವನು. ಕೊನೆಯ ವಾರ ಸೈಕಲ್ಲನ್ನು ಡ್ರೈವರನ ಮಗಳಿಗೆ ಕೊಟ್ಟ. ಆಸ್ಪತ್ರೆಯಲ್ಲಿ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು ಫೋನಿನಲ್ಲಿ ದನಿ ಮುದ್ರಿಸಿ ಕಳಿಸುವುದನ್ನು ಕಲಿಸಿದ. ನಾನು ಕಲಿತ ಕೂಡಲೇ, "ಪಾಸು. ಇನ್ನು ನನ್ನನ್ನ ಕರೀಬೇಡ ಅಜ್ಜಿ" ಅಂದ. ಎಲ್ಲರೂ ನಕ್ಕೆವು. ನರ್ಸಮ್ಮ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡಳು. ಅವನು ಹೋಗುವ ಹೊತ್ತಿಗೆ ಕೊಡುವುದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಅಪ್ಪನ ಬುದ್ಧಿ ಮಗನಿಗೆ ಬಂದಿತ್ತು. ಈಗ ಮಗನದ್ದು ಅಪ್ಪನಿಗೆ ಬಂದಿದೆ.

ಹಾಗಾಗಿ ನಿನ್ನ ತಾಯಿ ಸದ್ಯಕ್ಕೆ ದಡ್ಡಿ. ಹೊಲಿಗೆ ಮಿಷಿನ್ನನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಿ ನಿಮ್ಮಿಬ್ಬರನ್ನು ಸಾಕಿದವಳಿಗೆ ಗೀಸರಿನ ಸ್ವಿಚ್ಚು ಯಾವುದೆಂದು ಗೊತ್ತಾಗುವುದಿಲ್ಲ. ಫ್ಯೂಸ್ ಹಾಕು ಅಂದರೆ ತಲೆಕೆಳಗು ಹಿಡಿಯುತ್ತೇನೆ. ಎಡಕ್ಕೆ ತಿರುಗಿಸು ಅಂದರೆ ನಾನೇ ಎಡಕ್ಕೆ ತಿರುಗಿ ನಿಲ್ಲುತ್ತೇನೆ. ಬುದ್ಧಿವಂತರಾಗುವುದು ಸುಲಭ ಕಣೇ, ನಾಲ್ಕು ಪುಸ್ತಕ ಓದಿದರೆ ಸಾಕು. ಬರುವ ಕೆಲಸ ಬಾರದ ಹಾಗೆ ಕೈಯನ್ನು ತಡೆಹಿಡಿಯುವುದಿದೆಯಲ್ಲ, ಅದಕ್ಕೆ ತಪಸ್ಸೇ ಬೇಕು. "ಹೋಗ್ಲಿ ಬಿಡಮ್ಮಾ, ನಾಳೆ ನೋಡೋಣ" ಅನ್ನುತ್ತಾನೆ. ಆ "ನಾಳೆ" ಅನ್ನುವ ಒಂದು ಮಾತಿಗೆ ಎಷ್ಟು ಫ್ಯೂಸ್ ಬೇಕಾದರೂ ಸುಡುತ್ತೇನೆ. ಬಿಡುವಾದಾಗ ಬಂದು ಹೋಗು, ಅವಸರವಿಲ್ಲ. ದಡ್ಡತನದಲ್ಲಿ ನನಗೆ ಇನ್ನೂ ಒಂದು ತಿಂಗಳ ಸರಕಿದೆ.

ಅಳಿಯಂದಿರಿಗೆ ಆಶೀರ್ವಾದ, ಅವರ ಬೇಕರಿಯವನಿಗೆ ಶಾಪ. ನೀನು ನೂರು ಕಾಲ ಜಗಳವಾಡಿಕೊಂಡು ತಣ್ಣಗಿರು.

ಏನೂ ಬಾರದ ನಿನ್ನ
ಅಮ್ಮ

ಮರೆಯುವ ಮುಂಚೆ: ಬಿಡುವಾದಾಗ ಅಂದೆನಲ್ಲ, ಅದನ್ನು ಹೊಡೆದುಹಾಕು. ಈಗಷ್ಟೇ ಕರೆಂಟು ಹೋಯಿತು. ಈ ಕಾಗದದ ಗುಂಗಿನಲ್ಲಿ ಎದ್ದುಹೋಗಿ, ಮೇನ್ ಆರಿಸಿ, ಫ್ಯೂಸಿಗೆ ಹೊಸ ತಂತಿ ಸುತ್ತಿ, ಹಾಕಿಬಿಟ್ಟೆ. ತಿರುಗಿದರೆ ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. "ಎಲ್ಲಾ ಬಂತಲ್ಲಮ್ಮಾ ನಿನಗೆ" ಅಂದ, ನನ್ನ ತಲೆ ಸವರಿದ. ಈಗ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಾ ಗುನುಗುತ್ತಿದ್ದಾನೆ. ಡ್ರೈವರನ ಮಗಳು ಕಾಗದಕ್ಕೆ ಬಂದು ನಿಂತಿದ್ದಾಳೆ, ಅವಳ ತಾಯಿಯನ್ನೂ ಮೇಲೆ ಕಳಿಸಲು ಹೇಳಿದ್ದೇನೆ. ಅದೇ ಬಸ್ಸು ಇವತ್ತೇ ವಾಪಸು ಹೊರಡುತ್ತದೆ, ಉಟ್ಟ ಬಟ್ಟೆಯಲ್ಲೇ ಹತ್ತು. ಅವನು ಹೆದರುವುದು ನಿನಗೊಬ್ಬಳಿಗೇ. ಬಂದು ಬೈದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗು. ನೀನು ಬರುವವರೆಗೆ ಕಾಲು ಉಳುಕಿತು ಅಂತ ಹೊಸ್ತಿಲಿಗೆ ಅಡ್ಡವಾಗಿ ಕೂತುಬಿಡುತ್ತೇನೆ. ಅವನೊಬ್ಬನಿಂದ ಎತ್ತಲಾಗದಷ್ಟು ಭಾರ ಇನ್ನೂ ಇದ್ದೇನೆ.