ಗೋಡೆಯ ಮೂರನೆಯ ಸಾಲು

ಫೆಬ್ರವರಿ ಮೂವತ್ತು, ೨೧೯೧
ಹಿರೇತಳಕೆರೆ ಆರೋಗ್ಯ ಕೇಂದ್ರ, ಕೊಪ್ಪಳ ಸೀಮೆ

ಈ ಕೇಂದ್ರವನ್ನು ಕಟ್ಟಿಸಿ, ಗೋಡೆಗೆ ಬಣ್ಣ ಬಳಿಸಿ, ಕೊನೆಗೆ ಅದೇ ಗೋಡೆಯನ್ನು ಕೆಡಿಸಿಟ್ಟ ಹಿರಿಯರಿಗೆ ನೀಲಾಂಬಿಕೆ ಹಡಪದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ಐದು ದಿನಗಳನ್ನು ರಜೆ ಎಂದು ಬಿಟ್ಟುಬಿಟ್ಟಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ. ನಾನು ಇಲ್ಲಿಯ ನರ್ಸು. ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಮಕ್ಕಳ ಜ್ವರ, ಕೆಮ್ಮು, ಭೇದಿ ನೋಡುತ್ತಿದ್ದೇನೆ.

ನೋಡುತ್ತಿದ್ದೇನೆ ಎಂದರೆ ತಪ್ಪಾದೀತು, ನೋಡುವುದು ಎದೆಗನ್ನಡಿ. ಅದು ಬಾಗಿಲ ಪಕ್ಕದಲ್ಲಿ ಆಳೆತ್ತರ ನಿಂತಿರುವ ಒಂದು ಗಾಜು. ತಾಯಿ ಮಗುವನ್ನು ಅದರ ಮುಂದೆ ಹಿಡಿದರೆ ಸಾಕು, ಹಸಿರು ದೀಪ ಬಂದರೆ ಮನೆಗೆ, ಕೆಂಪು ಬಂದರೆ ಔಷಧಿಯ ಪೆಟ್ಟಿಗೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಕನ್ನಡಿ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೂ ಕೇಳಿದವರಲ್ಲ. ಅಂಗಿ ಎತ್ತಿ ಮಗುವಿನ ಎದೆ ನೋಡುವ ಅಭ್ಯಾಸ ನನ್ನ ಅಜ್ಜಿಯ ಕಾಲಕ್ಕೇ ನಿಂತುಹೋಗಿತ್ತಂತೆ. ಇನ್ನು ಚಳಿಗಾಲ ಮುಗಿಯುತ್ತಲೇ ಇಲ್ಲಿ ಧೂಳು ಏಳುತ್ತದೆ. ಎಷ್ಟೆಂದರೆ ಮೂರು ನಾಲ್ಕು ದಿನ ಕನ್ನಡಿಗೆ ಕಣ್ಣೇ ಕಾಣಿಸುವುದಿಲ್ಲ. ಅವನ್ನು ನಾವು ಮಬ್ಬುದಿನ ಎನ್ನುತ್ತೇವೆ. ಮಬ್ಬುದಿನಗಳಲ್ಲಿ ಬಂದವರಿಗೆಲ್ಲ ಧೂಳು ಇಳಿದ ಮೇಲೆ ಬನ್ನಿ ಎಂದು ಹೇಳಿ ಕಳಿಸುವುದೇ ನಮ್ಮ ವೈದ್ಯ. ಔಷಧಿಯ ಪೆಟ್ಟಿಗೆಗೆ ಒಂದು ಬೀಗದಕೈ ನನ್ನ ಸೊಂಟದಲ್ಲೇ ಇರುತ್ತದೆ, ಆದರೆ ಯಾವ ಮಗುವಿಗೆ ಅದನ್ನು ತೆರೆಯಬೇಕೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ನೀರು ಜಿನುಗಿ ಒಳಕೋಣೆಯ ಗೋಡೆಯ ಸುಣ್ಣ ಹಪ್ಪಳದ ಹಾಗೆ ಎದ್ದು ಬಿತ್ತು. ಅದರಡಿಯಲ್ಲಿ ನಿಮ್ಮ ಕಾಲದ ಬರಹ ಸಿಕ್ಕಿತು. ಅಂಗಿ ಎತ್ತಿದ ಮಗುವಿನ ಚಿತ್ರ, ಪಕ್ಕದಲ್ಲಿ ಗಡಿಯಾರ. ಮಗು ಅಳದೆ ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ ಎಂದು ಮೇಲೆ ಬರೆದಿತ್ತು. ಕೆಳಗೆ, ಎರಡು ತಿಂಗಳ ಒಳಗಿನ ಮಗುವಿಗೆ ಅರವತ್ತು ಅಥವಾ ಹೆಚ್ಚಿದ್ದರೆ ಅಪಾಯ. ಎರಡು ತಿಂಗಳಿಂದ ಒಂದು ವರ್ಷದವರೆಗೆ ಐವತ್ತು ಅಥವಾ ಹೆಚ್ಚು. ಓದಿ ನಾನು ಕುಣಿದಾಡಿದೆ. ಇಷ್ಟು ಸುಲಭವೇ ಎಂದುಕೊಂಡೆ.

ಮೂರನೆಯ ಸಾಲೂ ಇತ್ತು, ಅದರ ಮೊದಲ ಒಂದೆರಡು ಅಕ್ಷರದ ಗುರುತು ಮಾತ್ರ ಉಳಿದಿತ್ತು. ಅದನ್ನು ಉಳಿಯಿಂದ ಕೆತ್ತಿ ತೆಗೆದು, ಆ ಜಾಗದಲ್ಲಿ ನೀವು ಒಂದು ಗ್ರಾನೈಟ್ ಕಲ್ಲು ಕೂರಿಸಿದ್ದೀರಿ. ಈ ಕೊಠಡಿಯನ್ನು ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಹೀಗೆ ಏಳು ಜನರ ಹೆಸರು. ಚಿನ್ನದ ಬಣ್ಣ ಇಂದಿಗೂ ಮಾಸಿಲ್ಲ. ಆ ಏಳು ಜನ ಯಾರು, ಏನು ಎಂದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ, ಆದರೂ ಅವರ ಹೆಸರು ನನಗೆ ಬಾಯಿಪಾಠ ಬರುತ್ತದೆ. ಕಲ್ಲನ್ನು ಕಿತ್ತು ನೋಡಿದೆ. ಹಿಂದೆ ಬರೀ ಸಿಮೆಂಟು.

ಆ ವರ್ಷದ ಮೊದಲ ಮಬ್ಬುದಿನ ದುರುಗವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಮಗಳನ್ನು ಎತ್ತಿಕೊಂಡು ಬಂದಳು. ಹುಲಿಗಿ ಅಂತ ಹೆಸರು, ಹದಿನಾಲ್ಕು ತಿಂಗಳ ಕೂಸು. ಎರಡು ದಿನದಿಂದ ಕೆಮ್ಮು, ಮೈ ಸುಡುತ್ತಿತ್ತು. ನಾನು ದೊಡ್ಡ ಪಂಡಿತೆಯ ಹಾಗೆ ಅಂಗಿ ಎತ್ತಿದೆ. ಅಳು ನಿಲ್ಲುವ ತನಕ ಕಾದೆ. ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಎಣಿಸಿದೆ. ನಲವತ್ತಾರು ಬಂತು. ಅನುಮಾನಕ್ಕೆ ಇನ್ನೊಮ್ಮೆ ಎಣಿಸಿದೆ, ಅಷ್ಟೇ. ಗೋಡೆಯ ಮೇಲೆ ನನಗೆ ಕಾಣುತ್ತಿದ್ದ ಕೊನೆಯ ಸಾಲಿನಲ್ಲಿ ಐವತ್ತು ಎಂದಿತ್ತಲ್ಲ, ವರ್ಷ ದಾಟಿದ ಮಗುವಿಗೂ ಅದೇ ಲೆಕ್ಕ ಎಂದುಕೊಂಡೆ. “ಅಂಜಬ್ಯಾಡವ್ವ, ಐವತ್ತರ ಒಳಗ ಐತಿ. ಎದಿ ಹಾಲು ಕುಡಿಸ್ಕೋತ ಇರು” ಎಂದು ಹೇಳಿ ಕಳಿಸಿಬಿಟ್ಟೆ. ಪೆಟ್ಟಿಗೆ ನನ್ನ ಕೈಯಳತೆಯಲ್ಲೇ ಇತ್ತು.

ಮೂರನೆಯ ದಿನ ಧೂಳು ಇಳಿಯಿತು. ದುರುಗವ್ವ ಓಡುತ್ತಲೇ ಬಂದಳು. ಪ್ರತಿ ಉಸಿರಿಗೂ ಹುಲಿಗಿಯ ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು. ಕನ್ನಡಿ ಕೆಂಪಾಯಿತು, ಪೆಟ್ಟಿಗೆ ತೆರೆಯಿತು, ದೊಡ್ಡ ಆಸ್ಪತ್ರೆಗೆ ಬಂಡಿ ಹೊರಟಿತು. ಅರ್ಧ ದಾರಿಯಲ್ಲಿ ಕೂಸಿನ ಉಸಿರು ನಿಂತಿತು. ದುರುಗವ್ವ ನನ್ನನ್ನು ಬೈಯಲಿಲ್ಲ. “ಅಕ್ಕಾರ, ನೀವು ಎಣಿಸಿ ಹೇಳಿದ್ರಲ್ರಿ” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಕನ್ನಡಿಯ ಇಲಾಖೆಗೆ ಬರೆದೆ. ವರ್ಷ ದಾಟಿದ ಮಗುವಿಗೆ ಎಷ್ಟು ಉಸಿರಿಗೆ ಕೆಂಪು ಬರುತ್ತದೆ, ಅದೊಂದನ್ನು ಹೇಳಿ ಎಂದು ಕೇಳಿದೆ. ಎಣಿಸುವ ಅಗತ್ಯ ಸಿಬ್ಬಂದಿಗೆ ಬೀಳುವುದಿಲ್ಲ ಎಂಬ ಉತ್ತರ ಬರಲು ಎಂಟು ತಿಂಗಳು ಹಿಡಿಯಿತು. ಉತ್ತರ ಓದಿ ಸಿಟ್ಟಿನಿಂದ ಮುಂದಿದ್ದ ಊಟದ ತಟ್ಟೆ ಎತ್ತಿ ಎಸೆದೆ. ಅಂದಿನಿಂದ ಕನ್ನಡಿಗೆ ಹಿಡಿಯುವ ಮೊದಲು ಕೆಮ್ಮಿನ ಪ್ರತಿ ಮಗುವಿನ ಉಸಿರನ್ನೂ ನಾನೇ ಎಣಿಸಿ, ಆಮೇಲೆ ಯಾವ ದೀಪ ಬಂತೆಂದು ಬರೆದಿಟ್ಟೆ. ಊರವರು ನನ್ನನ್ನು ಎಣಿಕಿ ನೀಲಕ್ಕ ಎಂದು ಕರೆದು ನಕ್ಕರು. ಮೂರು ವರ್ಷ, ಒಂಬೈನೂರು ಚಿಲ್ಲರೆ ಮಕ್ಕಳು. ಕೊನೆಗೆ ಸಿಕ್ಕಿತು. ಒಂದರಿಂದ ಐದು ವರ್ಷದವರಿಗೆ ನಲವತ್ತು ಅಥವಾ ಹೆಚ್ಚು. ಗೋಡೆಯ ಮೇಲೆ ನಿಮ್ಮ ಪೇಂಟರು ಒಂದು ಗಳಿಗೆಯಲ್ಲಿ ಬರೆದು ಹೋಗಿದ್ದ ಅಂಕಿ ಅದು.

ದುರುಗವ್ವನಿಗೆ ಈಗ ಒಬ್ಬ ಮಗನಿದ್ದಾನೆ. ಅವನಿಗೆ ಕೆಮ್ಮು ಬಂದರೆ ಬಂದವಳೇ ನಾನು ಹೇಳುವ ಮೊದಲೇ ಅಂಗಿ ಎತ್ತುತ್ತಾಳೆ. ನಾನು ಮನಸ್ಸಿನಲ್ಲಿ ಎಣಿಸಿದರೆ ಅವಳು ಬಾಯಿಬಿಟ್ಟು ಎಣಿಸುತ್ತಾಳೆ. ಮೂವತ್ತೈದು ದಾಟಿದರೆ ನನ್ನ ಸೊಂಟದ ಬೀಗದಕೈಯತ್ತ ನೋಡುತ್ತಾಳೆ. ನಾನು ಅವಳ ಮುಖ ನೋಡಲಾರೆ.

ಹಿರಿಯರೇ, ಯಂತ್ರಗಳ ಬಗ್ಗೆ ನನಗೆ ದೂರಿಲ್ಲ. ನಿಮ್ಮ ಕಲ್ಲಿನ ಬಗ್ಗೆ ಇದೆ. ಇಂಥ ಗೋಡೆ ಈಗಲೂ ನಿಮ್ಮ ಕಣ್ಣೆದುರು ಇದ್ದೀತು. ಹಾರ, ರಿಬ್ಬನ್ನು, ಕುರ್ಚಿ ಎಲ್ಲ ಬಂದಾಗಿರಬಹುದು, ಕಲ್ಲು ಕೂರಿಸುವ ಗೌಂಡಿ ಉಳಿ ಹಿಡಿದು ನಿಂತಿರಬಹುದು. ಉದ್ಘಾಟನೆ ಮಾಡಿಕೊಳ್ಳಿ, ಏಳಲ್ಲ, ಎಪ್ಪತ್ತು ಹೆಸರು ಬರೆಸಿಕೊಳ್ಳಿ. ಕಲ್ಲನ್ನು ಮಾತ್ರ ಎರಡು ಅಡಿ ಆಚೆ ಕೂರಿಸಿ ಎಂದು ಆ ಗೌಂಡಿಗೆ ಯಾರಾದರೂ ಒಬ್ಬರು ಹೇಳಿ. ನಿಮ್ಮ ಕಾಲದಲ್ಲಿ ಹುಲಿಗಿ ಇನ್ನೂ ಹುಟ್ಟಿಲ್ಲ.